ಅತ್ತೆಯ ಸ್ಟೀಲ್ ಪೈಪಿಗೆ ತೂತು ಕೊರೆದದ್ದು

ನಮ್ಮ ಅತ್ತೆ ನೀರು ಕುಡಿಯುವುದನ್ನು ಬಿಟ್ಟಿದ್ದಾರೆ ಎಂದು ನನಗೆ ಗೊತ್ತಾದದ್ದು ಅವರ ಮಂಚದ ಪಕ್ಕದ ತಂಬಿಗೆಯಿಂದ. ಬೆಳಿಗ್ಗೆ ತುಂಬಿಟ್ಟದ್ದು ಸಂಜೆಯಾದರೂ ತುಂಬಿಯೇ ಇರುತ್ತಿತ್ತು. ಶಹಾಬಾದಿನ ಬೇಸಿಗೆ ಎಂದರೆ ಅಂಗಳದ ಫರಸಿ ಕಲ್ಲಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಅಂಥದರಲ್ಲಿ ಎಪ್ಪತ್ತು ದಾಟಿದ ಹೆಂಗಸು ನೀರು ಮುಟ್ಟದೆ ಮಲಗಿದ್ದಾರೆಂದರೆ ಅದಕ್ಕೊಂದು ಕಾರಣ ಇರಲೇಬೇಕು. ಕೇಳಿದೆ. ಅವರು ಗೋಡೆ ಕಡೆ ಮುಖ ಮಾಡಿಕೊಂಡೇ ಹೇಳಿದರು.

"ಕುಡದ್ರ ಹೋಗ್ಬೇಕಾಗ್ತದ. ಹೋಗ್ಬೇಕಂದ್ರ ನಿಮ್ಮನ್ನ ಕರೀಬೇಕಾಗ್ತದ. ಅದಕ್ಕ ಬಿಟ್ಟೀನಿ."

ಬಚ್ಚಲಲ್ಲಿ ಜಾರಿ ಬಿದ್ದು ಅವರ ಸೊಂಟದ ಎಲುಬು ಮುರಿದಿತ್ತು. ಕಲಬುರಗಿಯ ದವಾಖಾನೆಯಲ್ಲಿ ಆಪರೇಷನ್ ಆಗಿ ಮನೆಗೆ ಬಂದ ಮೇಲೆ, ವಾಕರ್ ಹಿಡಿದು ಹಿತ್ತಲಿನ ತನಕ ನಡೆಯುವಷ್ಟು ಸುಧಾರಿಸಿದ್ದರು. ನಡೆಯಲಿ, ನಡೆದಷ್ಟೂ ಒಳ್ಳೆಯದು ಎಂದು ಡಾಕ್ಟರೇ ಹೇಳಿ ಕಳಿಸಿದ್ದರು. ತೊಡಕಿದ್ದದ್ದು ಸಂಡಾಸಿನಲ್ಲಿ. ಹಿತ್ತಲಿನ ಆ ಸಣ್ಣ ಕೋಣೆಯಲ್ಲಿ ಕುರ್ಚಿಯಲ್ಲಿ ಕೂತಂತೆ ಕೂರುವ ಕಮೋಡ್ ಹಾಕಿಸಿದ್ದೆವು. ಆದರೆ ಬಾಗಿಲು ಕಿರಿದು, ವಾಕರ್ ಒಳಗೆ ಹೋಗುವುದಿಲ್ಲ. ಒಳಗೆ ಹಿಡಿದುಕೊಳ್ಳಲು ಬರೀ ಗೋಡೆ. ಹಾಗಾಗಿ ಯಾರಾದರೂ ಅವರ ಎರಡೂ ತೋಳು ಹಿಡಿದು ಕೂಡಿಸಬೇಕು, ಮುಗಿಯುವ ತನಕ ಎದುರಿಗೇ ನಿಂತಿರಬೇಕು, ಮತ್ತೆ ಹಿಡಿದು ಎಬ್ಬಿಸಬೇಕು. ಅಷ್ಟು ಹೊತ್ತೂ ಬಾಗಿಲು ತೆರೆದೇ ಇರಬೇಕು. ನಾನು ಮನೆಯಲ್ಲಿದ್ದಾಗ ಅದನ್ನು ಹೇಗೋ ನುಂಗಿಕೊಂಡಿದ್ದರು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ರಜೆಯಲ್ಲೂ ಶಾಲೆಗೆ ಕರೆ ಬಂದ ಒಂದು ದಿನ ಆ ಕೆಲಸ ಅವರ ಕಿರಿಯ ಮಗನ ಪಾಲಿಗೆ, ಅಂದರೆ ನನ್ನ ಗಂಡನ ಪಾಲಿಗೆ ಬಂತು. ನನ್ನ ಗಂಡ ಅವ್ವನ ತೋಳು ಹಿಡಿದುಕೊಂಡು ಮುಖ ಆಚೆ ತಿರುಗಿಸಿ ನಿಂತಿದ್ದರಂತೆ. ಅಂದಿನಿಂದ ನೀರು ಬಂದ್.

ನಮ್ಮಿಬ್ಬರದು ಹಾಲು ಜೇನಿನಂಥ ಸಂಬಂಧವೆಂದು ಯಾರೂ ತಿಳಿಯಬಾರದು. ಅತ್ತೆ ಅರ್ಧ ಆಯುಷ್ಯ ಕಲ್ಲಿನ ಪಾಲಿಶ್ ಮಷೀನಿನ ಮುಂದೆ ನಿಂತು ದುಡಿದವರು. ಆ ಸದ್ದಿನಲ್ಲಿ ಮಾತಾಡಿ ರೂಢಿಯಾಗಿ, ಉಪ್ಪು ಕೇಳಿದರೂ ಓಣಿಗೆಲ್ಲ ಕೇಳಿಸುತ್ತದೆ. ನಾನು ಸೇಡಂ ಕಡೆಯವಳು, ಕುರಕುಂಟಾದಲ್ಲಿ ಬೆಳೆದವಳು. ನನ್ನ ಮಾತಿನಲ್ಲಿ ಅಪ್ಪಿತಪ್ಪಿ ಒಂದು ತೆಲುಗು ಶಬ್ದ ತೂರಿದರೆ ಸಾಕು, "ಬಂತು ನೋಡ್ರಿ ಹೈದ್ರಾಬಾದ್ ಗಾಡಿ" ಎಂದು ಬಂದವರ ಮುಂದೆಲ್ಲ ಹಂಗಿಸುತ್ತಿದ್ದರು. ನಾನೂ ಬಿಟ್ಟವಳಲ್ಲ, ಒಂದಕ್ಕೆ ಎರಡು ಆಡಿದ್ದೇನೆ. ಆದರೆ ಜಗಳಕ್ಕೂ ಎದುರಿಗೆ ಒಬ್ಬರು ನೆಟ್ಟಗೆ ನಿಂತಿರಬೇಕು. ಗೋಡೆಗೆ ಮುಖ ಕೊಟ್ಟು ಮಲಗಿದವರ ಜೊತೆ ಏನು ಜಗಳಾಡುವುದು? ಅವರ ಆ ಬೆನ್ನು ನೋಡಿ ನನಗೆ ಮರುಕ ಬರಲಿಲ್ಲ, ಸಿಟ್ಟು ಬಂತು. ಇಷ್ಟು ಬಾಯಿಯ ಹೆಂಗಸನ್ನು ಒಂದು ಕಿರಿದಾದ ಬಾಗಿಲು ಸೋಲಿಸುವುದೆಂದರೇನು ಎಂಬ ಸಿಟ್ಟು.

ಸಿಟ್ಟಿಗೆ ಇನ್ನೊಂದು ಕಾರಣ ವಾಡಿಯಲ್ಲಿತ್ತು. ಅತ್ತೆಯ ಹಿರಿಯ ಮಗ, ನನ್ನ ಭಾವ, ಅಲ್ಲಿ ದೊಡ್ಡ ಮನೆ ಮಾಡಿಕೊಂಡು ಇದ್ದಾರೆ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು, ಜಗಳ ತೆಗೆದು ಫೋನ್ ಇಟ್ಟುಬಿಡಬಹುದಿತ್ತು. ಅವರು ಅವ್ವನಿಗೆಂದು ಒಂದು ಕೋಣೆ ಸಜ್ಜು ಮಾಡಿಸಿ, ತಲೆ ಕಡೆ ಮೇಲೇಳುವ ಮಂಚ ತರಿಸಿ, ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನೂ ಗೊತ್ತು ಮಾಡಿದ್ದರು. ಬರುವ ರವಿವಾರ ಗಾಡಿ ತರುತ್ತೇನೆ, ಬಟ್ಟೆ ಬರೆ ಕಟ್ಟಿಡಿ ಎಂದು ಫೋನ್ ಮಾಡಿದರು. ಅತ್ತೆಗೆ ಕೇಳಿಸಲೆಂದು ನಾನು ಸ್ಪೀಕರ್ ಹಾಕಿದೆ.

"ಇಲ್ಲಿ ಎಲ್ಲಾ ಬರೋಬ್ಬರಿ ಅದ ಯವ್ವಾ. ಡೈಪರ್ ಹಾಕಿ ಬಿಟ್ರ ಯಾರಿಗೂ ತ್ರಾಸ ಇಲ್ಲ. ಎದ್ದು ಓಡ್ಯಾಡೂದು ಬ್ಯಾಡ, ಮತ್ತ ಬಿದ್ದು ಮುರಕೊಳ್ಳೂದು ಬ್ಯಾಡ."

"ನಾ ಏನ್ ಕೂಸೇನೋ?" ಎಂದರು ಅತ್ತೆ.

ಭಾವ ಪ್ರೀತಿಯಿಂದಲೇ ನಕ್ಕರು. "ವಯಸ್ಸಾದ ಮ್ಯಾಲ ಎಲ್ಲರೂ ಕೂಸೇ ಅಲ್ಲೇನ ಯವ್ವಾ."

ಅತ್ತೆ ಫೋನನ್ನು ನನ್ನ ಕಡೆ ನೂಕಿದರು. ವಾಡಿಯ ಆ ಮಂಚದ ಮೇಲೆ ಒಮ್ಮೆ ಮಲಗಿದರೆ ಮತ್ತೆ ಎದ್ದು ನಡೆಯುವ ಪ್ರಸಂಗವೇ ಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವರು ಈ ಕಡೆ ತಿರುಗಿದರು. ನನ್ನನ್ನು ಏನೂ ಕೇಳಿದವರಲ್ಲ, ಬರೀ ಹೇಳಿ ರೂಢಿ. ಅಂದು ಕೇಳಿದರು.

"ನಾ ಒಬ್ಬಾಕಿನೇ ಹೋಗಿ ಬರೂಹಂಗ ಏನರ ಮಾಡು. ಯಾರೂ ಮುಂದ ನಿಂದ್ರಬಾರ್ದು. ಅಷ್ಟು ಮಾಡಿಕೊಟ್ರ, ಅವ ನನ್ನ ಹೆಂಗ ಒಯ್ತಾನ ನಾ ನೋಡ್ತೀನಿ."

ಕಲಬುರಗಿಯ ದವಾಖಾನೆಯಲ್ಲಿ ಕಮೋಡಿನ ಪಕ್ಕದ ಗೋಡೆಗೆ ಒಂದು ಸ್ಟೀಲ್ ಪೈಪು ಅಡ್ಡ ಹಾಕಿದ್ದನ್ನು ನೋಡಿದ್ದೆ. ಅದನ್ನು ಹಿಡಿದು ಅತ್ತೆ ತಾವೇ ಎದ್ದು ನಿಂತದ್ದೂ ನೆನಪಿತ್ತು. ಮರುದಿನವೇ ನಮ್ಮ ಓಣಿಯ ವೆಲ್ಡಿಂಗ್ ಅಂಗಡಿಗೆ ಹೋದೆ. ಯಾರದೋ ಮೆಟ್ಟಿಲ ಕಟಾಂಜನಕ್ಕೆ ಹಾಕಿ ಉಳಿದ ಪೈಪಿನ ತುಂಡಿತ್ತು. ಅಂಗಡಿಯವನು ಅದರ ಎರಡೂ ತುದಿಗೆ ಅಂಗೈಯಗಲದ ಸ್ಟೀಲ್ ಪಟ್ಟಿ ಬೆಸೆದು ಕೊಟ್ಟ. ಪಟ್ಟಿಯ ಮೂಲೆಮೂಲೆಗೆ ತೂತು ಕೊರೆದು ಗೋಡೆಗೆ ಬೋಲ್ಟ್ ಬಿಗಿದರೆ ಮುಗಿಯಿತು. ತೂತು ಮಾತ್ರ ಕೊರೆದಿರಲಿಲ್ಲ. "ಮನಿಗೇ ಬಂದು ಗ್ವಾಡಿ ನೋಡಿ ಹಾಕ್ತೀನ್ರಿ" ಎಂದವನು ಚಿಂಚೋಳಿಗೆ ಮದುವೆಗೆ ಹೋದ. ಹೋದವನು ಬರಲೇ ಇಲ್ಲ. ಫೋನ್ ಮಾಡಿದಾಗಲೆಲ್ಲ ಡೋಲಿನ ಸದ್ದಿನ ನಡುವೆ "ನಾಳಿ ಮುಂಜಾನಿ ಬಂದೇ ಬಿಡ್ತೀನ್ರಿ" ಎನ್ನುತ್ತಿದ್ದ.

ನನ್ನ ಗಂಡನಿಗೆ ನಾಳೆ ಎಂಬುದರ ಮೇಲೆ ಬಹಳ ವಿಶ್ವಾಸ. ಚಿತ್ತಾಪುರದಲ್ಲಿ ಅವರ ನೌಕರಿ. ಮುಂಜಾನೆ ರೈಲು ಹತ್ತಿ, ವಾಡಿಯಲ್ಲಿ ಇಳಿದು ಇನ್ನೊಂದು ಹಿಡಿದು, ಕತ್ತಲಾಗುವ ಹೊತ್ತಿಗೆ ತಿರುಗಿ ಬರುತ್ತಾರೆ. ದಿನಾ ಎರಡೆರಡು ಸಲ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಕಾಯ್ದೂ ಕಾಯ್ದೂ ಅವರ ಸ್ವಭಾವವೇ ಹಾಗಾಗಿದೆ. ಏನು ಹೇಳಿದರೂ ನೋಡೋಣ ಎನ್ನುತ್ತಾರೆ.

"ಅವ ಬರೂದಿಲ್ಲ, ನಾನೇ ತೂತು ಹಾಕ್ತೀನಿ" ಎಂದೆ.

"ಸ್ಟೀಲ್ ಅದ ಅದು. ಹೆಣ್ಮಕ್ಕಳ ಕೆಲಸ ಅಲ್ಲ. ನೋಡೋಣ, ಬರ್ತಾನ."

ಪಿತ್ತ ನೆತ್ತಿಗೇರಿತು. ಮದುವೆಯಾದಾಗಿನಿಂದ ಈ ಮನೆಯ ಸ್ಟೀಲನ್ನೆಲ್ಲ ತಿಕ್ಕಿದವಳು ನಾನು. ಕೊಡ, ತಾಟು, ಡಬ್ಬಿ, ಬೋಗುಣಿ, ಒಂದೂ ಬಿಟ್ಟಿಲ್ಲ. ತಿಕ್ಕುವಾಗ ಅದು ಹೆಂಗಸರ ವಸ್ತು, ತೂತು ಹಾಕುವಾಗ ಮಾತ್ರ ಗಂಡಸರದು ಎಂದು ಯಾರು ಹಂಚಿಕೆ ಮಾಡಿದರು? ಇದನ್ನು ಅಷ್ಟೇ ಜೋರಾಗಿ ಕೇಳಿದೆ. ಅವರು ಸ್ನಾನಕ್ಕೆ ಹೋದರು.

ನಮ್ಮೂರಿನವರು ಡ್ರಿಲ್ ಮಷೀನ್ ಹಿಡಿದರೆ ಕೈಗೆ ಗೊತ್ತಿರುವುದು ಒಂದೇ ವಿದ್ಯೆ. ನಮ್ಮ ಗೋಡೆ ಕಲ್ಲು, ನೆಲ ಕಲ್ಲು, ಅಡುಗೆಮನೆಯ ಹಲಗೆ ಕಲ್ಲು, ಹಳೆಯ ಮನೆಗಳ ಮಾಳಿಗೆಯೂ ಕಲ್ಲು. ಕ್ಯಾಲೆಂಡರ್ ತೂಗುಹಾಕಬೇಕೆಂದರೂ ಕಲ್ಲೇ ಕೊರೆಯಬೇಕು. ಕಲ್ಲಿಗೆ ಏನು ಮಾಡಬೇಕೆಂದು ಇಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಿಲ್ಲ. ಮಷೀನಿನ ನೆತ್ತಿಯ ಗುಂಡಿ ಸರಿಸಿ ಹ್ಯಾಮರ್ ಹಚ್ಚಬೇಕು, ಅಂದರೆ ಕೊರೆಯುವ ಬಿಟ್ ತಿರುಗುತ್ತಲೇ ಕುಟ್ಟಬೇಕು. ಪೂರಾ ಜೋರಿನಲ್ಲಿ ಬಿಡಬೇಕು. ಧೂಳು ಏಳದ ಹಾಗೆ ನೀರು ಚಿಮುಕಿಸಬೇಕು. ಸ್ಟೀಲು ಕಲ್ಲಿಗಿಂತ ಗಟ್ಟಿ, ಅಂದಮೇಲೆ ಇದನ್ನೇ ಇನ್ನಷ್ಟು ಜೋರಾಗಿ ಮಾಡಬೇಕು ಎಂಬುದರಲ್ಲಿ ನನಗೂ ಅತ್ತೆಗೂ ಎಳ್ಳಷ್ಟೂ ಸಂಶಯವಿರಲಿಲ್ಲ. ನಾವಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಬಹುಶಃ ಅದೇ ಮೊದಲು.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಪೈಪನ್ನು ನೈಲಾನ್ ಹಗ್ಗದಿಂದ ಬಿಗಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಓದುವ ಚಸ್ಮ ಏರಿಸಿ, ಮನೆಯ ಡ್ರಿಲ್ ಮಷೀನನ್ನು ಕೈಗೆತ್ತಿಕೊಂಡೆ. ತಿರುಗಿ ನೋಡಿದರೆ ಅತ್ತೆ ವಾಕರ್ ಹಿಡಿದು ತಾವಾಗಿಯೇ ಹೊರಗೆ ಬಂದು ಕುರ್ಚಿಯಲ್ಲಿ ಕೂತಿದ್ದರು. ಎಷ್ಟೋ ದಿನದ ಮೇಲೆ ಅವರ ದನಿ ಏರಿತ್ತು.

"ಹ್ಯಾಮರ್ ಹಚ್ಚು! ಪೂರಾ ಬಿಡು! ಏ, ನೀರ್ ಹಾಕು, ನೀರ್ ಹಾಕು!"

ಹಚ್ಚಿದೆ, ಬಿಟ್ಟೆ, ಹಾಕಿದೆ. ಮಷೀನು ಬಡಬಡಿಸಿತು. ಬಿಟ್ ಒಂದು ಕಡೆ ನಿಲ್ಲದೆ ಪಟ್ಟಿಯ ಮೇಲೆಲ್ಲ ಜಾರಾಡಿ ಗೀರು ಹಾಕಿತು. ಹೇಗೋ ಒಂದು ಕಡೆ ಒತ್ತಿ ಹಿಡಿದರೆ ಕಿವಿಯೊಳಗೆ ಮೊಳೆ ಹೊಡೆದಂಥ ಕಿರಿಚಾಟ. ನೀರು ಚುಂಯ್ ಎಂದು ಆವಿಯಾಯಿತು. ತೆಗೆದು ನೋಡಿದೆ. ಬಿಟ್ಟಿನ ತುದಿ ನೀಲಿಯಾಗಿ ಮೊಂಡಾಗಿತ್ತು. ಪಟ್ಟಿಯ ಮೇಲೆ ತೂತಿರಲಿ, ಕುಳಿ ಕೂಡ ಇರಲಿಲ್ಲ. ಕಾಳಿನಷ್ಟು ಜಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಅತ್ತೆ ಕುರ್ಚಿಯಿಂದ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, ಮೆಚ್ಚಿಕೊಂಡರು. "ಎಷ್ಟ್ ಛಲೋ ಪಾಲಿಶ್ ಬಂದದ ನೋಡು!"

ಇಬ್ಬರೂ ನಕ್ಕುಬಿಟ್ಟೆವು. ಅವರು ನಕ್ಕು ನಕ್ಕು ಸೊಂಟ ಹಿಡಿದುಕೊಂಡು "ಅಯ್ಯೋ" ಎಂದರು. ಆಮೇಲೆ ಇನ್ನೊಂದು ಬಿಟ್ ಹಾಕಿದೆ, ಅದೂ ಮೊಂಡಾಯಿತು. ಒತ್ತಿದಷ್ಟೂ, ಕುಟ್ಟಿದಷ್ಟೂ ಆ ಹೊಳಪು ಹೆಚ್ಚಾಯಿತೇ ಹೊರತು ಒಂದು ಕೂದಲಿನಷ್ಟೂ ಒಳಗೆ ಇಳಿಯಲಿಲ್ಲ. ಕಲ್ಲನ್ನು ಕುಟ್ಟಿದರೆ ಪುಡಿಯಾಗುತ್ತದೆ. ಈ ಸ್ಟೀಲು ಕುಟ್ಟಿ ಕಾಯಿಸಿದಷ್ಟೂ ಅಲ್ಲೇ ಇನ್ನಷ್ಟು ಗಟ್ಟಿಯಾಗುತ್ತದೆ. ನಮ್ಮ ಜಾಣತನವೇ ಅದನ್ನು ಗಟ್ಟಿ ಮಾಡುತ್ತಿತ್ತು ಎಂದು ಆಗ ಇಬ್ಬರಿಗೂ ತಿಳಿದಿರಲಿಲ್ಲ.

ಸಂಜೆ ನನ್ನ ಗಂಡ ಬಂದು ಹಿತ್ತಲು ನೋಡಿದರು. ನೆಲದ ತುಂಬ ನೀರು, ನೀರಿನಲ್ಲೇ ವಾಯರು.

"ಕರೆಂಟಿನ ಮಷೀನಿಗೆ ನೀರ್ ಹಾಕ್ತಾರೇನ? ಹುಚ್ಚಿದ್ದೀರೇನ ಇಬ್ಬರೂ? ಸಾಯ್ತಿದ್ರಿ!"

ಅವರ ಆ ಮಾತು ಸರಿಯಾಗಿಯೇ ಇತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಮಷೀನನ್ನು ಅಲಮಾರಿನ ಮೇಲಿಟ್ಟು, "ಅವ್ವ ಸ್ವಲ್ಪ ದಿನ ವಾಡಿಗೆ ಹೋಗಲಿ ಬಿಡು, ಆಮ್ಯಾಲ ನೋಡೋಣ" ಎಂದರು.

"ಸ್ವಲ್ಪ ದಿನ ಅಲ್ಲ ಅದು. ಅಲ್ಲಿ ಮಲಗಿದ್ರ ಮುಗೀತು, ನಿಮಗೂ ಗೊತ್ತದ" ಎಂದೆ. "ಅವತ್ತು ನೀವು ಮುಖ ತಿರುಗಿಸಿ ನಿಂತಿದ್ರಲ್ಲ, ಅವತ್ತಿಂದ ನಿಮ್ಮವ್ವ ನೀರ್ ಕುಡಿಯಾಕತ್ತಿಲ್ಲ. ಔಷಧ ನುಂಗಾಕ ಒಂದು ಗುಟುಕು, ಅಷ್ಟೇ. ಅದಾದ್ರೂ ಗೊತ್ತದೇನ ನಿಮಗ?"

ಗೊತ್ತಿರಲಿಲ್ಲ. ಅವರು ಬಾಗಿಲ ಹತ್ತಿರವೇ ನೆಲದ ಮೇಲೆ ಕೂತರು. ಒಳಗಿನ ಮಂಚದ ಕಡೆ ನೋಡಿದರು, ತಲೆ ತಗ್ಗಿಸಿದರು. ನನಗೆ ಪಾಪ ಅನ್ನಿಸಿತು, ಆದರೂ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. ಊಟಕ್ಕೆ ಏಳುವ ಮುಂಚೆ ಅವರೇ ಸ್ಟೂಲ್ ಹತ್ತಿ ಮಷೀನನ್ನು ಕೆಳಗಿಳಿಸಿ, ಒಣ ಬಟ್ಟೆಯಿಂದ ಒರೆಸಿಟ್ಟರು.

ಮರುದಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಬಾಕಿನ ಮೇಲೆ ಕೆಲವರು ಚಹಾ ಕುಡಿಯುತ್ತ ಕೂತಿದ್ದರು. ಸ್ಟೀಲಿಗೆ ತೂತು ಹಾಕುವ ಬಿಟ್ ಕೊಡಿ ಎಂದೆ. ಅಂಗಡಿಯವನು ನನ್ನ ಹಿಂದೆ ಯಾರಾದರೂ ಗಂಡಸರು ಬರುತ್ತಿದ್ದಾರೇನೋ ಎಂದು ರಸ್ತೆ ಕಡೆ ನೋಡಿದ.

"ಯಜಮಾನ್ರನ್ನ ಕಳಸ್ರಿ ಮೇಡಂ. ಅವರಿಗೆ ಹೇಳ್ತೀನಿ."

"ಅವರಿಗೆ ಹೇಳಿದ್ರ ಅವರು ಮನಿಗೆ ಬಂದು ನನಗೇ ಹೇಳ್ಬೇಕಾಗ್ತದ. ನಡುವ ಅವರಿಗ್ಯಾಕ ತ್ರಾಸ? ನನಗೇ ಹೇಳ್ರಿ."

ಬಾಕಿನ ಮೇಲಿದ್ದವರು ನಕ್ಕರು. ನನ್ನ ಮೇಲಲ್ಲ, ಅವನ ಮೇಲೆ. ಅವನು ಮುಖ ಬಿಗಿದುಕೊಂಡು ಡಬ್ಬಿಯಿಂದ ಮಾಸಲು ಬಂಗಾರದ ಬಣ್ಣದ ಒಂದು ಬಿಟ್ ತೆಗೆದಿಟ್ಟ. ಕೋಬಾಲ್ಟ್ ಅಂತೆ. ಇರುವುದು ಅದೊಂದೇ, ಮುರಿದರೆ ಇನ್ನೊಂದನ್ನು ಕಲಬುರಗಿಯಿಂದಲೇ ತರಿಸಬೇಕು ಎಂದ. "ಹ್ಯಾಮರ್ ಮಾತ್ರ ಹಚ್ಚಬ್ಯಾಡ್ರಿ. ಹಚ್ಚಿದ್ರ ಇದೂ ಹೋಯ್ತು" ಎಂದು ಬೆನ್ನ ಹಿಂದಿನಿಂದ ಕೂಗಿದ. ಅಷ್ಟು ಹೇಳಿದ್ದಕ್ಕೆ ಇಂದಿಗೂ ಅವನ ಮೇಲೆ ನನಗೆ ಸಿಟ್ಟಿಲ್ಲ.

ಶನಿವಾರ ಮಧ್ಯಾಹ್ನ ಮತ್ತೆ ಕೂತೆ. ಮರುದಿನ ಭಾವ ಬರುವವರು. ಇದ್ದದ್ದು ಒಂದೇ ಬಿಟ್. ಅತ್ತೆ ಕುರ್ಚಿ ಎಳೆದುಕೊಂಡು ಹತ್ತಿರವೇ ಬಂದು ಕೂತರು. ಈ ಸಲ ಹ್ಯಾಮರ್ ಹಚ್ಚಲಿಲ್ಲ. ಪಾಲಿಶ್ ಆದ ಜಾಗ ಬಿಟ್ಟು ಅದರ ಪಕ್ಕದಲ್ಲಿ ದಪ್ಪ ಮೊಳೆಯಿಟ್ಟು ಸುತ್ತಿಗೆಯಿಂದ ಒಂದೇಟು ಹಾಕಿ, ಬಿಟ್ ಜಾರದಂತೆ ಸಣ್ಣ ಕುಳಿ ಮಾಡಿಕೊಂಡೆ. ನೀರಿಗೆ ನಿಷೇಧವಿತ್ತು, ಏನೂ ಹಾಕದೆ ಹಾಗೇ ಕೊರೆಯಲು ಧೈರ್ಯವಿರಲಿಲ್ಲ. ಅಡುಗೆಮನೆಯಿಂದ ಕುಸುಬಿ ಎಣ್ಣೆಯ ಬಟ್ಟಲು ತಂದೆ.

"ಪಲ್ಯಕ್ಕ ಹಾಕೂ ಎಣ್ಣಿ ಅದು!" ಅತ್ತೆ ಗದರಿದರು.

"ಪಲ್ಯ ತಿಂದು ನೀವು ಎಲ್ಲಿ ಹೋಗಬೇಕ್ರಿ ಅತ್ತಿ? ಇಲ್ಲಿಗೇ ಅಲ್ಲ?" ಎಂದೆ.

ಅವರು ಬಾಯಿ ಮುಚ್ಚಿದರು. ಬಾಯಿ ಮುಚ್ಚಿಸಿದ ಸಂತೋಷವೇ ನನಗೆ ಅರ್ಧ ಬಲ ಕೊಟ್ಟಿತು.

ಸ್ವಿಚ್ಚನ್ನು ಪೂರಾ ಒತ್ತಿದೆ. ಮಷೀನು ಹಳೆಯ ರಭಸದಲ್ಲೇ ತಿರುಗಿತು. ಎಣ್ಣೆ ಹೊಗೆಯಾಗಿ, ಯಾರೋ ಭಜಿ ಕರಿಯುವಂಥ ವಾಸನೆ ಹಿತ್ತಲ ತುಂಬ ಹರಡಿತು. ಎತ್ತಿ ನೋಡಿದರೆ ಕುಳಿಯ ಅಂಚು ಮತ್ತೆ ಹೊಳೆಯತೊಡಗಿದೆ. ಈ ಬಿಟ್ ಕೂಡ ಹೋದರೆ ನಾಳೆ ಈ ಹೆಂಗಸನ್ನು ಎತ್ತಿಕೊಂಡು ಹೋಗಿ ಡೈಪರ್ ತೊಡಿಸಿ ಮಲಗಿಸುತ್ತಾರೆ, ನಾನು ಬಾಗಿಲಲ್ಲಿ ನಿಂತು ಕೈ ಬೀಸಬೇಕು. ಅಳು ಬರುವಂತಾಯಿತು. ಅವರ ಮುಂದೆ ಅಳುವುದು ಬೇಡವೆಂದು ಹಲ್ಲು ಕಚ್ಚಿ ಮತ್ತೆ ಮಷೀನ್ ಇಟ್ಟೆ.

ಅದೇ ಹೊತ್ತಿಗೆ ವೋಲ್ಟೇಜ್ ಇಳಿಯಿತು. ಬೇಸಿಗೆಯ ಮಧ್ಯಾಹ್ನ ಓಣಿಯ ಕೂಲರುಗಳೆಲ್ಲ ಒಟ್ಟಿಗೆ ತಿರುಗತೊಡಗಿದರೆ ನಮ್ಮಲ್ಲಿ ಹೀಗಾಗುವುದು ಇದ್ದದ್ದೇ. ಒಳಗೆ ಫ್ಯಾನು ಸೋತಿತು, ಫ್ರಿಜ್ಜು ನರಳಿತು. ನನ್ನ ಕೈಯೊಳಗಿನ ಮಷೀನಿನ ಕಿರಿಚಾಟ ಗೊರಗೊರ ಸದ್ದಾಗಿ, ಬಿಟ್ ತಿರುಗುವುದು ಕಣ್ಣಿಗೆ ಕಾಣುವಷ್ಟು ನಿಧಾನವಾಯಿತು. ಇವತ್ತೇ ಇದಕ್ಕೆ ಬರಬಾರದ್ದು ಬರಬೇಕಿತ್ತೇ ಎಂದು ಸಿಟ್ಟಿನಿಂದ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಒತ್ತಿದೆ. ಆಗ ಬಿಟ್ಟಿನ ಪಕ್ಕದಿಂದ ಬೆಳ್ಳಗಿನ ಎಳೆಯೊಂದು ಎದ್ದು ಬಂತು. ಸೌತೆಕಾಯಿಯ ಸಿಪ್ಪೆಯ ಹಾಗೆ ಸುತ್ತಿಕೊಳ್ಳುತ್ತ ಉದ್ದವಾಯಿತು, ಮುರಿದು ಬಿತ್ತು, ಅದರ ಹಿಂದೆ ಇನ್ನೊಂದು.

"ಬಂತು! ಬಂತು! ಸಿಪ್ಪಿ ಬಿಡಾಕತ್ತದ! ಒತ್ತು, ಬಿಡಬ್ಯಾಡ ಒತ್ತು!" ಅತ್ತೆ ವಾಕರನ್ನು ನೆಲಕ್ಕೆ ಕುಟ್ಟಿದರು.

ನನಗೆ ತಟ್ಟನೆ ಹೊಳೆಯಿತು. ಸ್ಟೀಲಿಗೆ ಬೇಕಾದದ್ದು ರಭಸವಲ್ಲ, ಭಾರ. ನಿಧಾನಕ್ಕೆ ತಿರುಗಬೇಕು, ಎಡೆಬಿಡದೆ ಒತ್ತಬೇಕು, ತಂಪಿಗೆ ಎಣ್ಣೆ ಇರಬೇಕು. ನಾವು ಕಲ್ಲಿನಿಂದ ಕಲಿತದ್ದೆಲ್ಲ ಇಲ್ಲಿ ತಿರುವುಮುರುವು. ವೋಲ್ಟೇಜ್ ಇಳಿದದ್ದಕ್ಕೆ ಶಹಾಬಾದಿನಲ್ಲಿ ಖುಷಿಪಟ್ಟವಳು ನಾನೊಬ್ಬಳೇ ಇರಬೇಕು. ಸ್ವಲ್ಪ ಹೊತ್ತಿಗೆ ಕರೆಂಟು ಸರಿಹೋಯಿತು, ಅಷ್ಟರಲ್ಲಿ ಸ್ವಿಚ್ಚನ್ನು ಅರ್ಧವೇ ಒತ್ತಿ ಮಷೀನನ್ನು ನಿಧಾನಕ್ಕೆ ನಡೆಸುವುದು ನನ್ನ ಬೆರಳಿಗೆ ಬಂದಿತ್ತು. ಕೊನೆಯ ಗಳಿಗೆಯಲ್ಲಿ ಬಿಟ್ ಪಟ್ಟಿಯನ್ನು ಕಚ್ಚಿ ಮಣಿಕಟ್ಟನ್ನೇ ತಿರುಚಿಬಿಡುವಂತೆ ಜಗ್ಗಿತು. ಹಗ್ಗ ತಡೆಯಿತು, ನಾನೂ ತಡೆದೆ. ಬಿಟ್ ಆಚೆ ದಾಟಿತು.

ತೂತಿನೊಳಗಿಂದ ಒಗೆಯುವ ಕಲ್ಲು ಕಾಣಿಸಿತು. ಅತ್ತೆ ಬೆರಳು ತೂರಿಸಲು ಬಂದರು.

"ಕೈ ಕೊಯ್ತದ್ರಿ! ಅಂಚು ಭಾಳ ಹರಿತ ಅದ."

"ಕೊಯ್ಲಿ ಬಿಡು" ಎಂದರು, ಆದರೂ ಕೈ ಹಿಂದಕ್ಕೆ ತೆಗೆದುಕೊಂಡರು.

ಉಳಿದವನ್ನೂ ಹಾಗೇ ಕೊರೆದೆ. ನಡುನಡುವೆ ಬಿಟ್ ಆರಲೆಂದು ನಿಲ್ಲಿಸಿದೆ, ಬಟ್ಟಲಿನ ಎಣ್ಣೆ ತಳ ಕಂಡಿತು. ಕಾದ ಸುರುಳಿಯೊಂದು ಪಾದದ ಮೇಲೆ ಬಿದ್ದು ಬೊಬ್ಬೆ ಎದ್ದಿತು, ಅದರ ಕಲೆ ಈಗಲೂ ಇದೆ. ಬೆನ್ನು ಹಿಡಿದಿತ್ತು, ಮೈಯೆಲ್ಲ ಕುಸುಬಿ ಎಣ್ಣೆಯ ಕಮಟು. ಅಷ್ಟು ಹಗುರ, ಅಷ್ಟು ಗರ್ವ ನನಗೆ ಬಿ.ಎಡ್. ಪಾಸಾದಾಗಲೂ ಆಗಿರಲಿಲ್ಲ.

ಗೋಡೆಯದು ಏನೂ ಕಷ್ಟವಾಗಲಿಲ್ಲ. ಬಿಟ್ ಬದಲಿಸುತ್ತಿದ್ದಂತೆ ಅತ್ತೆ "ಈಗ ಹಚ್ಚು ನೋಡು ಹ್ಯಾಮರ್!" ಎಂದು ಹುಕುಂ ಕೊಟ್ಟರು. ನೋಡನೋಡುತ್ತ ಕಲ್ಲಿನ ತೂತುಗಳು ಮುಗಿದವು. ಅಂದು ಬೇಗನೇ ಬಂದಿದ್ದ ನನ್ನ ಗಂಡ ಪೈಪ್ ಹಿಡಿದು ಬೋಲ್ಟ್ ಬಿಗಿದರು. ಬಿಗಿದ ಮೇಲೆ ಎರಡೂ ಕೈಯಿಂದ ಅದನ್ನು ಹಿಡಿದು, ಕಾಲು ಮಡಚಿ, ಇಡೀ ಮೈಯನ್ನು ಜೋತುಬಿಟ್ಟರು. ಪೈಪು ಮಿಸುಕಲಿಲ್ಲ. ನೋಡೋಣ ಎಂಬ ಮಾತು ಅಂದು ಅವರ ಬಾಯಿಂದ ಬರಲಿಲ್ಲ.

ಅತ್ತೆ ಮೊದಲ ಸಲ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡೇ ಪೈಪ್ ಹಿಡಿದು ಕೂತರು, ಎದ್ದರು. ಮತ್ತೊಮ್ಮೆ ಕೂತರು, ಎದ್ದರು. ಹೊರಗೆ ಬಂದು ನೀರು ಕೇಳಿದರು. ಗಟಗಟ ಕುಡಿದು ಖಾಲಿ ಮಾಡಿ, ಇನ್ನೊಂದಿಷ್ಟು ತಾ ಎಂದರು. ನಾನು ಒಳಗೆ ಹೋಗಿ, ಅವರಿಗೆ ಕಾಣದಂತೆ ಅತ್ತುಬಿಟ್ಟೆ.

ಆದರೆ ಭಾವನಿಗೆ ಫೋನ್ ಮಾಡಿ ಹೇಳಿದರೆ ಅವರು ಒಪ್ಪಲಿಲ್ಲ. ಪೈಪಿರಲಿ ಬಿಡಲಿ, ಗಾಡಿ ಗೊತ್ತು ಮಾಡಿ ಆಗಿದೆ, ಬರುತ್ತೇನೆ ಎಂದರು. ರವಿವಾರ ಬೆಳಿಗ್ಗೆ ಬಂದೂ ಬಂದರು. ಹಿಂದಿನ ಸೀಟಿನಲ್ಲಿ ಮೆತ್ತನೆಯ ಗಾದಿ, ದಿಂಬು, ಎಲ್ಲ ಸಜ್ಜು. ಡ್ರೈವರ್ ಗಾಡಿಯನ್ನು ಚಾಲೂ ಇಟ್ಟುಕೊಂಡೇ ಕೂತಿದ್ದ. ಒಳಗೆ ತಂಪಾಗಿರಲಿ ಎಂದು.

ಭಾವ ಹಿತ್ತಲಿಗೆ ಬಂದು ಪೈಪ್ ನೋಡಿದರು. ಪಟ್ಟಿಯ ಮೇಲಿನ ಗೀರುಗಳನ್ನೂ ಪಾಲಿಶ್ ಆದ ಕಲೆಯನ್ನೂ ಬೆರಳಿನಿಂದ ಮುಟ್ಟಿದರು.

"ಯಾರ್ ಹಾಕ್ಯಾರ ಇದನ್ನ?"

"ನಾನೇ ಹಾಕೀನ್ರಿ ಭಾವ."

"ತಂಗಿ, ನಿನ್ನ ಕಷ್ಟ ನನಗ ತಿಳೀತದ. ಆದ್ರ ಈ ಪೈಪಿನ ಮ್ಯಾಲ ನಮ್ಮವ್ವನ ಜೀವ ಬಿಡಬೇಕೇನು? ನಾಳಿ ಕಿತ್ತು ಬಂದು ಬಿದ್ರ ಯಾರ್ ಜವಾಬ್ದಾರಿ?"

ಮಾತು ಚುಚ್ಚಿತು. ಚುಚ್ಚಿದ್ದು ಅದು ಕೇಳಬೇಕಾದ ಪ್ರಶ್ನೆಯೇ ಆಗಿತ್ತು ಎಂಬ ಕಾರಣಕ್ಕೆ. "ನಾನೇ ಜವಾಬ್ದಾರಿ" ಎಂದೆ. "ನಂಬಿಕಿ ಇಲ್ಲಂದ್ರ ನೀವೂ ಒಮ್ಮೆ ಜೋತುಬಿದ್ದು ನೋಡ್ರಿ."

ಭಾವ ಪೈಪ್ ಹಿಡಿಯಲಿಲ್ಲ. ತಮ್ಮನ ಮುಖ ನೋಡಿದರು. ನನ್ನ ಗಂಡ ನನ್ನ ಪಕ್ಕಕ್ಕೆ ಬಂದು ನಿಂತರು. ಭಾವ ಒಳಗೆ ಹೋಗಿ, ತಾವೇ ಮಂಚದ ಕೆಳಗಿನಿಂದ ಅವ್ವನ ಬಟ್ಟೆಯ ಚೀಲ ತೆಗೆದು ಗಾಡಿಯಲ್ಲಿಟ್ಟು ಬಂದರು. "ಏಳವ್ವಾ, ಬಿಸಿಲು ಏರೂದ್ರೊಳಗ ಹೊರಡೋಣ."

"ತಡಿ, ಹೋಗಿ ಬರ್ತೀನಿ" ಎಂದರು ಅತ್ತೆ.

ವಾಕರ್ ಹಿಡಿದು ಹಿತ್ತಲಿಗೆ ನಡೆದರು. ಹಿಂದೆಯೇ ಭಾವ, ಅವರ ಹಿಂದೆ ನಾವಿಬ್ಬರು. ಸಂಡಾಸಿನ ಬಾಗಿಲಿಗೆ ಬಂದಾಗ ಅತ್ತೆ ಒಂದು ಕೈ ಒಳಗೆ ಚಾಚಿ ಪೈಪ್ ಹಿಡಿದರು. ಇನ್ನೊಂದು ಕೈಯಿಂದ ವಾಕರನ್ನು ಮಗನ ಕಡೆ ನೂಕಿ ಒಳಗೆ ಕಾಲಿಟ್ಟರು.

"ಯವ್ವಾ, ಕದಾ ಮುಚ್ಚಬ್ಯಾಡ. ನಾ ಇಲ್ಲೇ ನಿಂತಿರ್ತೀನಿ."

ಕದ ಭಾವನ ಮುಖದ ಮುಂದೆಯೇ ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.

ನಾನು ಒಂದೊಂದು ತೂತನ್ನೂ, ಒಂದೊಂದು ಬೋಲ್ಟನ್ನೂ ಮನಸ್ಸಿನಲ್ಲೇ ಮತ್ತೆ ಮುಟ್ಟಿ ನೋಡಿದೆ. ಒಳಗೆ ಯಾವ ಸಪ್ಪಳವೂ ಇರಲಿಲ್ಲ. ಭಾವ ವಾಕರ್ ಹಿಡಿದುಕೊಂಡು ನಿಂತೇ ಇದ್ದರು. ತಡೆಯಲಾಗದೆ ಕದ ಬಡಿದರು.

"ಯವ್ವಾ? ಕೇಳಾಕತ್ತದೇನ? ಏನ್ ಮಾಡಾಕತ್ತಿ?"

"ಏನ್ ಮಾಡಾಕತ್ತೀನಿ ಅಂತ ಓಣಿಗೆಲ್ಲಾ ಒದರಿ ಹೇಳ್ಲೇನೋ?" ಒಳಗಿನಿಂದ ದನಿ ಬಂತು. "ನಿನಗ ಅವಸರ ಇದ್ರ ನೀ ವಾಡಿಗೆ ಹೋಗು. ನಂದು ಇನ್ನಾ ಆಗಿಲ್ಲ."

ಭಾವ ವಾಕರನ್ನು ಬಾಗಿಲ ಪಕ್ಕ, ಹೊರಗೆ ಬಂದವರ ಕೈಗೆ ಸಿಗುವ ಹಾಗೆ ಇಟ್ಟು, ಗಾಡಿಯ ಕಡೆ ಹೋದರು. ಚೀಲ ಇಳಿಸಿಕೊಂಡು, ಗಾಡಿ ಬಂದ್ ಮಾಡು ಎಂದು ಡ್ರೈವರನಿಗೆ ಹೇಳಿದರು.